ಅಮ್ಮನಿಗೆ ಓದುವ ದೀಪ: ಜಾಸ್ತಿ ವಾಟ್‌ನದು ತಂದರೂ ಅಕ್ಷರ ಕಾಣುತ್ತಿಲ್ಲ, ಏನು ಮಾಡಲಿ?

ಮೂರನೇ_ಮಹಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಅಮ್ಮನಿಗೆ 74 ವರ್ಷ. ಎರಡೂ ಕಣ್ಣಿಗೆ ಮ್ಯಾಕ್ಯುಲರ್ ಡಿಜನರೇಶನ್, ಅಂದರೆ ಕಣ್ಣಿನ ಒಳಪರದೆಯ (ರೆಟಿನಾ) ನಡುಭಾಗವಾದ ಮ್ಯಾಕ್ಯುಲಾ ಹಾಳಾಗುವ ಕಾಯಿಲೆ, ಒಣ ಬಗೆಯದ್ದು. ನೇರ ನೋಡಿದ ಕಡೆ ಮಸಿ ಬಳಿದ ಹಾಗೆ, ಸುತ್ತಲಿನದೆಲ್ಲ ಕಾಣುತ್ತದೆ. ಮನೆಯಲ್ಲಿ ಓಡಾಡಲು ತೊಂದರೆ ಇಲ್ಲ. ಬಾಗಿಲಲ್ಲಿ ನಿಂತವರು ಯಾರು ಅಂತ ಮಾತ್ರ ದನಿ ಕೇಳುವ ತನಕ ಗೊತ್ತಾಗುವುದಿಲ್ಲ. ಕನ್ನಡಕದ ನಂಬರ್ ಇನ್ನು ಬದಲಿಸಿ ಪ್ರಯೋಜನ ಇಲ್ಲ, ಓದುವಾಗ ಒಳ್ಳೆಯ ಬೆಳಕು ಇಟ್ಟುಕೊಳ್ಳಿ ಅಂತ ಡಾಕ್ಟರ್ ಹೇಳಿ ಕಳಿಸಿದರು. ಒಳ್ಳೆಯ ಬೆಳಕು ಅಂದರೆ ಯಾವುದು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಮ್ಮನಿಗೆ ಬೇಕಾದ್ದು ದೊಡ್ಡದೇನಲ್ಲ. ಪೇಪರ್, ಅದರಲ್ಲೂ ಪದಬಂಧ. ಆಗಾಗ ಕಿತ್ತುಬಂದ ಗುಂಡಿ ಹೊಲಿಯುವುದು. ಪದಬಂಧ ಅಂದರೆ ಪ್ರಾಣ. ಚೌಕದ ಮೂಲೆಯಲ್ಲಿ ಇರುತ್ತದಲ್ಲ ಪುಟ್ಟ ನಂಬರ್, ಅದು ಸರಿಯಾಗಿ ಕಾಣದೆ 6 ಅಂದುಕೊಂಡು 8ರ ಜಾಗದಲ್ಲಿ ಉತ್ತರ ತುಂಬಿ, ಮುಂದಿನದ್ಯಾವುದೂ ಕೂಡದೆ, ಮಧ್ಯಾಹ್ನದವರೆಗೂ ತಲೆ ಕೆಡಿಸಿಕೊಂಡು ಕೊನೆಗೆ ಪೇಪರ್ ಮಡಚಿ ಇಟ್ಟುಬಿಡುತ್ತಾರೆ. ಏನೂ ಹೇಳುವುದಿಲ್ಲ. ಮಡಚುವ ಸದ್ದಿನಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಅಂಗಡಿಯಲ್ಲಿ ಇದ್ದುದರಲ್ಲೇ ಜಾಸ್ತಿ ವಾಟ್‌ನ ಟೇಬಲ್ ಲ್ಯಾಂಪ್ ತಂದೆ. 14 ವಾಟ್ ಎಲ್‌ಇಡಿ, ಅಗಲವಾದ ಚಪ್ಪಟೆ ತಲೆ, ನೀಲಿ ಬೆರೆತ ಬಿಳಿ ಬೆಳಕು. ಡಬ್ಬಿಯ ಮೇಲೆ ಕಣ್ಣಿಗೆ ಹಿತ, ಹಗಲಿನಂಥ ಬೆಳಕು ಅಂತೆಲ್ಲ ಬರೆದಿತ್ತು. ಮೇಜಿನ ಎಡಗಡೆ ಇಟ್ಟೆ, ಚಿಕ್ಕಂದಿನಲ್ಲಿ ಮೇಷ್ಟ್ರು ಹೇಳಿಕೊಟ್ಟ ಹಾಗೆ. ಬೆಳಕೆಲ್ಲ ಪುಟದ ಮೇಲೇ ಇರಲಿ ಅಂತ ರೂಮಿನ ದೀಪ ಆರಿಸಿದೆ. ಅಮ್ಮ ಐದು ನಿಮಿಷ ಕೂತರು, ಕಣ್ಣು ಒರೆಸಿಕೊಂಡರು, "ಇದು ಪೇಪರಿಗೆ ಹಚ್ಚಿದ ದೀಪವೋ ನನ್ನ ಮುಖಕ್ಕೆ ಹಚ್ಚಿದ್ದೋ" ಅಂದರು.

ಆಮೇಲೆ ಇನ್ನೊಂದು ತಂದೆ. ಭೂತಗನ್ನಡಿಯ ಸುತ್ತ ಬಳೆಯ ಹಾಗೆ ದೀಪ ಇರುತ್ತದಲ್ಲ, ಅದು. ಹತ್ತು ನಿಮಿಷಕ್ಕೇ ತಲೆ ಸುತ್ತಿದ ಹಾಗೆ ಆಗುತ್ತದಂತೆ. ಈಗ ಎರಡೂ ಮೂಲೆ ಸೇರಿವೆ. ಅಮ್ಮ ಕುರ್ಚಿ ಎಳೆದುಕೊಂಡು ಕಿಟಕಿ ಪಕ್ಕ ಕೂರುತ್ತಾರೆ, ಬಿಸಿಲು ಸರಿದ ಹಾಗೆ ಕುರ್ಚಿಯೂ ಸರಿಯುತ್ತದೆ. ಸಂಜೆ ಆದರೆ ಓದು ಮುಗಿಯಿತು.

ಎಷ್ಟು ವಾಟ್ ಇರಬೇಕು? ಬಿಳಿ ಬೆಳಕೋ ಹಳದಿಯೋ? ಭೂತಗನ್ನಡಿ ಲ್ಯಾಂಪ್ ಯಾರಿಗಾದರೂ ಉಪಯೋಗಕ್ಕೆ ಬಂದಿದೆಯಾ? ಇನ್ನೊಂದು ವಿಷಯ, ಇಷ್ಟು ಜೋರು ಬೆಳಕಿಟ್ಟರೆ ಉಳಿದಿರುವ ರೆಟಿನಾನೂ ಹೋಗುತ್ತದೆ ಅಂತ ನಮ್ಮ ಚಿಕ್ಕಪ್ಪ ಹೆದರಿಸಿಟ್ಟಿದ್ದಾರೆ. ಅದು ನಿಜವಾ?


ಟೆಸ್ಟರ್_ಜೇಬಲ್ಲಿ

ಮೊದಲು ವಾಟ್ ಮರೆತುಬಿಡಿ ಸರ್. ವಾಟ್ ಅಂದರೆ ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಅಂತ, ಎಷ್ಟು ಬೆಳಕು ಕೊಡುತ್ತದೆ ಅಂತ ಅಲ್ಲ. ಹಳೇ ಕಾಲದ 60 ವಾಟ್ ಬುರುಡೆ ಬಲ್ಬ್ ಹೆಚ್ಚುಕಮ್ಮಿ 800 ಲುಮೆನ್ ಕೊಡುತ್ತಿತ್ತು. ಅಷ್ಟನ್ನೇ ಈಗ 8-9 ವಾಟ್ ಎಲ್‌ಇಡಿ ಕೊಡುತ್ತದೆ. ಹಾಗಾಗಿ ಡಬ್ಬಿಯಲ್ಲಿ ಲುಮೆನ್ ನೋಡಬೇಕು. ಅದೂ ಅರ್ಧ ಕಥೆ. ಲುಮೆನ್ ಬಲ್ಬಿನಿಂದ ಹೊರಟ ಬೆಳಕಿನ ಲೆಕ್ಕ. ಪುಟದ ಮೇಲೆ ಬಂದು ಬಿದ್ದದ್ದು ಎಷ್ಟು ಅನ್ನುವುದಕ್ಕೆ ಲಕ್ಸ್ ಅನ್ನುತ್ತಾರೆ, ನಿಮ್ಮ ಅಮ್ಮನಿಗೆ ಬೇಕಾದ್ದು ಅದು.

ಲಕ್ಸ್ ಜಾಸ್ತಿ ಮಾಡಲು ದೊಡ್ಡ ಬಲ್ಬ್ ಬೇಡ, ದೀಪ ಹತ್ತಿರ ತನ್ನಿ ಸಾಕು. ಸಣ್ಣ ಬಲ್ಬ್ ಆದರೆ ದೂರ ಅರ್ಧ ಆದಾಗ ಬೆಳಕು ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. 60 ಸೆಂಟಿಮೀಟರ್‌ನಲ್ಲಿ ಇದ್ದದ್ದನ್ನು 30ಕ್ಕೆ ತಂದರೆ ನಾಲ್ಕು ಪಟ್ಟು, 20ಕ್ಕೆ ತಂದರೆ ಒಂಬತ್ತು ಪಟ್ಟು. ಅಗಲ ಪ್ಯಾನೆಲ್‌ಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ, ಆದರೂ ಹತ್ತಿರ ಬಂದಷ್ಟೂ ಲಾಭವೇ. ಕಚೇರಿ ಮೇಜಿಗೆ ಸಾಮಾನ್ಯವಾಗಿ 500 ಲಕ್ಸ್ ಇರಲಿ ಅನ್ನುತ್ತಾರೆ. ಮನೆಗಳಲ್ಲಿ ರಾತ್ರಿ ಹೊತ್ತು ಬರೀ ಮೇಲಿನ ದೀಪದಲ್ಲಿ ನಾನು ಅಳೆದಾಗೆಲ್ಲ ಸಿಗುವುದು 100ರ ಆಸುಪಾಸು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಇರುತ್ತವೆ, ನಂಬರ್ ಕರಾರುವಾಕ್ ಇರುವುದಿಲ್ಲ, ಆದರೆ ಅದೇ ಮೊಬೈಲಿನಲ್ಲಿ ಇಲ್ಲಿ ಜಾಸ್ತಿ ಅಲ್ಲಿ ಕಮ್ಮಿ ಅಂತ ಹೋಲಿಸಿ ನೋಡಲು ಸಾಕು.

ಹಾಗಾಗಿ ಲ್ಯಾಂಪಿನಲ್ಲಿ ನೋಡಬೇಕಾದ್ದು ಅದರ ಕೈ. ಬೇಕಾದ ಕಡೆ ಎಳೆದರೆ ಬರಬೇಕು, ಬಿಟ್ಟ ಕಡೆ ನಿಲ್ಲಬೇಕು. ಸ್ಪ್ರಿಂಗ್ ಇರುವ ಮಡಚುಗೈ ಲ್ಯಾಂಪ್ ನೋಡಿರುತ್ತೀರಿ. ಅದನ್ನು ಮಾಡಿದವರು ಜಾರ್ಜ್ ಕಾರ್ವರ್ಡೀನ್ ಅಂತ ಒಬ್ಬ ಇಂಗ್ಲಿಷ್ ಎಂಜಿನಿಯರ್, ಅವರ ಕಸುಬು ಮೋಟಾರು ಗಾಡಿಗಳ ಸಸ್ಪೆನ್ಶನ್. 1932ರಲ್ಲಿ ಪೇಟೆಂಟ್ ಆಯಿತು, ಆಂಗಲ್‌ಪಾಯ್ಸ್ ಅಂತ ಹೆಸರಾಯಿತು. ಒಂದು ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಇವತ್ತಿಗೂ ಅದಕ್ಕಿಂತ ಒಳ್ಳೆಯ ಕೈ ನಾನು ನೋಡಿಲ್ಲ. ಬಗ್ಗುವ ಕತ್ತಿನ ಲ್ಯಾಂಪೂ ಆಗುತ್ತದೆ, ಆದರೆ ಅಗ್ಗದ್ದು ತಗೊಂಡರೆ ಆರು ತಿಂಗಳಿಗೆ ಕತ್ತು ಬಗ್ಗಿ ತೂಕಡಿಸುತ್ತಾ ಕೂರುತ್ತದೆ. ಬುಡ ಭಾರ ಇರಲಿ. ಇಲ್ಲವೇ ಮೇಜಿನ ಅಂಚಿಗೆ ಕಚ್ಚಿಸುವ ಕ್ಲ್ಯಾಂಪ್ ಇರಲಿ.

ಇನ್ನೊಂದು. ಎಲ್‌ಇಡಿ ಒಳಗೇ ಕೂಡಿಸಿಬಿಟ್ಟಿರುವ ಲ್ಯಾಂಪ್ ಬೇಡ. ಸಾಮಾನ್ಯ ಹೋಲ್ಡರ್ ಇರುವುದು ತಗೊಂಡು, ಬೇರೆ ಬೇರೆ ಬಣ್ಣದ ಮೂರು ಬಲ್ಬ್ ತನ್ನಿ. ಬಿಳಿಯೋ ಹಳದಿಯೋ ಅನ್ನುವುದನ್ನು ನಾವು ಇಲ್ಲಿ ಕೂತು ಹೇಳುವುದಕ್ಕಿಂತ ಅಮ್ಮನೇ ಹಾಕಿ ನೋಡಲಿ. ಹ್ಯಾಲೊಜೆನ್ ಬೇಡವೇ ಬೇಡ, ದೀಪ ಇಷ್ಟು ಹತ್ತಿರ ಬಂದಾಗ ಕೈಯೋ ಹಣೆಯೋ ತಗಲುತ್ತದೆ, ಸುಡುತ್ತದೆ.


ಒಂದೂವರೆ_ಕಣ್ಣು

ನಾನು ಇಂಥ ದೀಪದ ಕೆಳಗೇ ದಿನಾ ಕೂರುವವನು, ಅದಕ್ಕೆ ಬರೆಯುತ್ತಿದ್ದೇನೆ. ಎಡಗಣ್ಣಿನ ಮ್ಯಾಕ್ಯುಲಾದಲ್ಲಿ ಹಳೇ ಗಾಯದ ಕಲೆ, ಬಲಗಣ್ಣಿಗೆ ಪೊರೆ ಶುರುವಾಗಿದೆ. ಹೆಸರು ಸುಮ್ನೆ ಇಟ್ಟುಕೊಂಡದ್ದಲ್ಲ.

ನಿಮ್ಮ ಅಮ್ಮ ಐದು ನಿಮಿಷಕ್ಕೇ ದೀಪದ ಕಾಯಿಲೆ ಕಂಡುಹಿಡಿದಿದ್ದಾರೆ, ನೀವು ತಮಾಷೆ ಅಂದುಕೊಂಡಿರಿ ಅಷ್ಟೇ. ಬೆಳಕು ಮುಖಕ್ಕೆ ಬೀಳುತ್ತಿದೆ. ಚಪ್ಪಟೆ ತಲೆಯ ಲ್ಯಾಂಪಿಗೆ ಅಂಚು ಇರುವುದಿಲ್ಲ, ಕೂತವರ ಕಣ್ಣಿಗೆ ದೀಪವೇ ಕಾಣುತ್ತದೆ. ಗಾಜಿನ ಮೇಲೆ ಧೂಳು ಕೂತಿರುವಾಗ ಎದುರಿನ ಗಾಡಿಯ ಹೆಡ್‌ಲೈಟ್ ಬಿದ್ದರೆ ರಸ್ತೆಯೇ ಮಾಯ ಆಗುತ್ತದಲ್ಲ, ನಮ್ಮಂಥವರ ಕಣ್ಣೊಳಗೂ ಅದೇ ಆಗುತ್ತದೆ, ಬೆಳಕು ಚೆದುರಿ ಅಕ್ಷರದ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಜಾಸ್ತಿ, ಕಾಣುವುದು ಕಮ್ಮಿ. ಆಳವಾದ ಶೇಡ್ ಇರುವ, ಒಳಗಿನ ಬಲ್ಬ್ ಕೂತವರಿಗೆ ಕಾಣದ ದೀಪ ಬೇಕು. ಶೇಡಿನ ಅಂಚು ಅಮ್ಮನ ಕಣ್ಣಿಗಿಂತ ಕೆಳಗೆ ಇರಬೇಕು. ನೀವು ನಿಂತು ನೋಡಿ ಸರಿ ಇದೆ ಅನ್ನಬೇಡಿ, ಅವರ ಕುರ್ಚಿಯಲ್ಲಿ ಕೂತು, ಅವರು ಬಗ್ಗುವಷ್ಟೇ ಬಗ್ಗಿ ನೋಡಿ.

ಆಮೇಲೆ ಕನ್ನಡಿ ಪರೀಕ್ಷೆ ಮಾಡಿ. ಪೇಪರ್ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಮಲಗಿಸಿ. ಓದುವ ಭಂಗಿಯಲ್ಲೇ ಕೂತು ಅದರೊಳಗೆ ನೋಡಿ. ಬಲ್ಬ್ ಕಂಡಿತೋ, ಪುಟದ ಹೊಳಪೂ ಅದೇ ದಾರಿಯಲ್ಲಿ ನೇರ ಕಣ್ಣಿಗೇ ಬರುತ್ತಿದೆ ಅಂತ ಅರ್ಥ. ಕನ್ನಡಿಯಲ್ಲಿ ಬಲ್ಬ್ ಕಾಣದ ಹಾಗೆ ಆಗುವ ತನಕ ದೀಪ ಪಕ್ಕಕ್ಕೆ ಸರಿಸುತ್ತಾ ಹೋಗಿ. ನುಣುಪು ಕಾಗದದ ಪತ್ರಿಕೆ ಓದುವುದಾದರೆ ಇದು ಇನ್ನೂ ಮುಖ್ಯ. ನಾನು ಎರಡು ವರ್ಷ ದೀಪ ಎದುರಿಗೆ ಇಟ್ಟುಕೊಂಡು ಕಣ್ಣು ಹೋಯಿತು ಕಣ್ಣು ಹೋಯಿತು ಅಂತ ಗೋಳಾಡಿದವನು. ಒಂದು ಮೊಳ ಪಕ್ಕಕ್ಕೆ ಸರಿಸಿದ್ದಕ್ಕೆ ಆ ಕಣ್ಣಲ್ಲೇ ಮತ್ತೆ ಓದಿದೆ.

ರೂಮಿನ ದೀಪ ಆರಿಸಿದ್ದು ತಪ್ಪು. ಕತ್ತಲೆ ನಡುವೆ ಬಿಳಿ ಪುಟ ಒಂದೇ ಹೊಳೆಯುತ್ತಿದ್ದರೆ ಪ್ರತಿ ಸಲ ತಲೆ ಎತ್ತಿದಾಗಲೂ ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು, ಬಗ್ಗಿದಾಗ ಮತ್ತೆ ಬೆಳಕಿಗೆ. ಎಳೇ ಕಣ್ಣಿಗೆ ಇದೊಂದು ಲೆಕ್ಕವಲ್ಲ. ನಮಗೆ ಸುಸ್ತು.

ಇನ್ನು ನನ್ನದೊಂದು ಪ್ರಶ್ನೆ. ಅಮ್ಮ ಕಿಟಕಿ ಪಕ್ಕ ಕೂತಾಗ ಕಿಟಕಿ ಅವರ ಯಾವ ಭುಜದ ಕಡೆ ಇರುತ್ತದೆ? ಪೇಪರ್ ಮುಖಕ್ಕೆ ಎಷ್ಟು ಹತ್ತಿರ ಹಿಡಿಯುತ್ತಾರೆ? ನೋಡಿ ಹೇಳಿ. ಅವರು ತಮಗೆ ಬೇಕಾದ ಬೆಳಕನ್ನು ಆಗಲೇ ಹುಡುಕಿಕೊಂಡಿದ್ದಾರೆ ಅನಿಸುತ್ತದೆ. ದೀಪ ಅದನ್ನು ನಕಲು ಮಾಡಿದರೆ ಸಾಕು.


ಹಾರುವ_ತಟ್ಟೆ

ಇಷ್ಟೆಲ್ಲಾ ಯಾಕೆ, ಹಣೆಗೆ ಕಟ್ಟುವ ಟಾರ್ಚ್ ಕೊಡಿಸಿ. ತಲೆ ತಿರುಗಿಸಿದ ಕಡೆ ಬೆಳಕು. ಮುಗಿಯಿತು.


ಒಂದೂವರೆ_ಕಣ್ಣು

ಹಾರುವ ತಟ್ಟೆಯವರೇ, ನಾನೂ ಕಟ್ಟಿ ನೋಡಿದ್ದೇನೆ. ಸ್ಟೂಲಿನ ಕೆಳಗೆ ಬಿದ್ದ ಸ್ಕ್ರೂ ಹುಡುಕಲು ಅದರಷ್ಟು ಚೆನ್ನಾಗಿರುವುದು ಇಲ್ಲ. ಓದಲು ಆಗುವುದಿಲ್ಲ. ಬೆಳಕು ಹೊರಡುವುದೂ ಹಣೆಯಿಂದ, ಪುಟದಿಂದ ಹೊಳಪು ವಾಪಸ್ ಬರುವುದೂ ಅಲ್ಲಿಗೇ. ಮೇಲಿಂದ ಎದುರಿಗೆ ಬಂದವರ ಕಣ್ಣಿಗೆಲ್ಲ ಟಾರ್ಚ್. ಮನೆಯಲ್ಲಿ ನನ್ನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.


ಮೂರನೇ_ಮಹಡಿ

ಅಯ್ಯೋ ದೇವರೇ. ಒಂದೂವರೆ ಕಣ್ಣಿನವರೇ, ನಿಮಗೆ ಕೈ ಮುಗಿಯಬೇಕು.

ಇವತ್ತು ಸುಮ್ಮನೆ ದೂರ ಕೂತು ನೋಡಿದೆ. ಕಿಟಕಿ ಅಮ್ಮನ ಬಲ ಭುಜದ ಕಡೆ, ಸ್ವಲ್ಪ ಹಿಂದಕ್ಕೆ. ಕುರ್ಚಿ ಎಷ್ಟು ಸಲ ಸರಿಸಿದರೂ ಹಾಗೇ ಬರುವಂತೆ ಸರಿಸುತ್ತಾರೆ. ಯಾಕೆ ಅಂತ ಹೊಳೆಯಲಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡರು ನೋಡಿ, ಎಡಗೈಯಲ್ಲಿ! ಅಮ್ಮ ಎಡಚರು. ನಲವತ್ತೈದು ವರ್ಷದಿಂದ ನೋಡುತ್ತಿದ್ದೇನೆ, ದೀಪ ಇಡುವಾಗ ನೆನಪಾಗಲಿಲ್ಲ. ಎಡಗಡೆ ದೀಪ ಇಟ್ಟು ಅವರ ಕೈಯ ನೆರಳು ನೇರ ಚೌಕದ ಮೇಲೇ ಬೀಳುವ ಹಾಗೆ ನಾನೇ ಮಾಡಿದ್ದೆ. ಯಾಕಮ್ಮ ಹೇಳಲಿಲ್ಲ ಅಂತ ಕೇಳಿದರೆ "ಅಷ್ಟು ಆಸೆಯಿಂದ ತಂದಿದ್ದೆಯಲ್ಲ" ಅಂದರು.

ಪೇಪರ್ ಹಿಡಿಯುವುದು ಮುಖಕ್ಕೆ ಬಹಳ ಹತ್ತಿರ, ಒಂದು ಗೇಣೂ ಇಲ್ಲ. ಅಷ್ಟು ಹತ್ತಿರ ಹಿಡಿದರೆ ಕಣ್ಣಿಗೆ ಕೆಟ್ಟದ್ದಾ?


ಸೂಜಿ_ದಾರ

ನನ್ನ ಅನುಭವ ಭೂತಗನ್ನಡಿ ಲ್ಯಾಂಪಿನದ್ದು, ಹೊಲಿಗೆಗೆ ಇಟ್ಟುಕೊಂಡಿದ್ದೇನೆ. ಅತ್ತೆಯವರೂ ಅದನ್ನೇ ಬಳಸುತ್ತಿದ್ದರು, ಅವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು.

ಈ ಲ್ಯಾಂಪ್ ಓದಲು ಅಲ್ಲ, ಕೈ ಕೆಲಸಕ್ಕೆ. ಇದು ಅರ್ಥ ಆಗದೆ ಎಷ್ಟೋ ಜನ ತಂದು ಮೂಲೆಗೆ ಇಡುತ್ತಾರೆ. ಗಾಜಿನ ಮೇಲೆ 3 ಡಯಾಪ್ಟರ್, 5 ಡಯಾಪ್ಟರ್ ಅಂತ ಇರುತ್ತದೆ, ಅದು ಗಾಜಿನ ಪವರ್, ಅದನ್ನು ಮೂರು ಪಟ್ಟು ಐದು ಪಟ್ಟು ಅಂತ ಓದಿಕೊಳ್ಳಬೇಡಿ. ನಾಲ್ಕರಿಂದ ಭಾಗಿಸಿ ಒಂದು ಕೂಡಿಸಬೇಕು. 3 ಅಂದರೆ 1.75 ಪಟ್ಟು, 5 ಅಂದರೆ 2.25 ಪಟ್ಟು. ಮ್ಯಾಕ್ಯುಲಾ ತೊಂದರೆ ಇರುವವರಿಗೆ ಸಣ್ಣ ಅಕ್ಷರ ಓದಲು ಇಷ್ಟು ಎಷ್ಟೋ ಸಲ ಸಾಲುವುದಿಲ್ಲ. ಮತ್ತೆ ಅದರಡಿ ಪೇಪರ್ ಓದಬೇಕಾದರೆ ಒಂದೋ ಪೇಪರ್ ಸರಿಸುತ್ತಾ ಹೋಗಬೇಕು ಇಲ್ಲ ತಲೆ ಸರಿಸಬೇಕು. ತಲೆ ಸರಿದಾಗ ಗಾಜಿನ ಅಂಚಿನಲ್ಲಿ ಸಾಲುಗಳು ಹಾವಿನ ಹಾಗೆ ಬಳುಕುತ್ತವೆ. ತಲೆ ಸುತ್ತದೆ ಏನಾಗುತ್ತದೆ? ಸೂಜಿಗೆ ದಾರ ಪೋಣಿಸಲು, ಗುಂಡಿ ಹೊಲಿಯಲು, ಸಿಕ್ಕು ಬಿಡಿಸಲು ಮಾತ್ರ ಬಹಳ ಚೆನ್ನ. ಎರಡೂ ಕೈ ಖಾಲಿ ಇರುತ್ತವೆ, ಬಗ್ಗಬೇಕಾಗಿಲ್ಲ.

ದಾರ ಪೋಣಿಸುವಾಗ ಬೆಳಕಿಗಿಂತ ಹಿಂದಿನ ಬಣ್ಣ ಮುಖ್ಯ. ಕಪ್ಪು ದಾರ ಇದ್ದರೆ ತೊಡೆಯ ಮೇಲೆ ಬಿಳಿ ಬಟ್ಟೆ, ಬಿಳಿ ದಾರ ಇದ್ದರೆ ಗಾಢ ಬಣ್ಣದ ಬಟ್ಟೆ. ಹೂವಿನ ಚಿತ್ತಾರದ ಮೇಜುಹಾಸು ಇದ್ದರೆ ಮೊದಲು ತೆಗೆದುಹಾಕಿ. ಅತ್ತೆಯವರು ಅದರ ಮೇಲೆ ಬಿದ್ದ ಗುಂಡಿಯನ್ನು ಬೆರಳಲ್ಲಿ ತಡಕಿ ತಡಕಿ ಹುಡುಕುತ್ತಿದ್ದರು, ಒಂದೇ ಬಣ್ಣದ ಕಡುನೀಲಿ ಬಟ್ಟೆ ಹಾಸಿದ ದಿನದಿಂದ ಆ ಕಷ್ಟ ತಪ್ಪಿತು. ಓದುವುದಕ್ಕೂ ಇದೇ ಬುದ್ಧಿ ಉಪಯೋಗಿಸಬಹುದು. ಕಪ್ಪು ರಟ್ಟಿನಲ್ಲಿ ಎರಡು ಸಾಲು ಕಾಣುವಷ್ಟು ಉದ್ದ ಸೀಳು ಕತ್ತರಿಸಿ ಪುಟದ ಮೇಲೆ ಇಡಿ. ಸುತ್ತಲಿನ ಬಿಳಿ ಕಾಗದದ ಹೊಳಪು ಮುಚ್ಚಿಹೋಗುತ್ತದೆ, ಸಾಲು ತಪ್ಪುವುದೂ ಇಲ್ಲ.

ಎಚ್ಚರಿಕೆ ಒಂದಿದೆ, ದಯವಿಟ್ಟು ಎಲ್ಲರೂ ಓದಿ. ಭೂತಗನ್ನಡಿ ಲ್ಯಾಂಪನ್ನು ಬಿಸಿಲು ಬೀಳುವ ಕಡೆ ತೆರೆದು ಇಡಬೇಡಿ. ನಮ್ಮಲ್ಲಿ ಒಂದು ಮಧ್ಯಾಹ್ನ ಏನೋ ಸುಟ್ಟ ವಾಸನೆ ಅಂತ ಓಡಿ ಬಂದರೆ, ಅದೇ ಮೇಜುಹಾಸಿನ ಮೇಲೆ ಕಡಲೆಕಾಳಿನಷ್ಟು ಕಪ್ಪು ತೂತು, ಅಂಚಿನಿಂದ ಸಣ್ಣಗೆ ಹೊಗೆ. ಲ್ಯಾಂಪ್ ಪ್ಲಗ್ಗಿಗೇ ಹಾಕಿರಲಿಲ್ಲ! ಬಿಸಿಲು ಗಾಜಿನೊಳಗೆ ಹಾದು ಒಂದೇ ಕಡೆ ಕೂಡಿತ್ತು. ಕೆಲಸ ಆದ ಮೇಲೆ ಮುಚ್ಚಳ ಹಾಕಿ, ಮುಚ್ಚಳ ಇಲ್ಲದಿದ್ದರೆ ದಪ್ಪ ಬಟ್ಟೆ ಹೊದಿಸಿ.


ದೃಷ್ಟಿ_ಕೆಲಸ

ನಾನು ಆಪ್ಟೋಮೆಟ್ರಿಸ್ಟ್, ಮಂದದೃಷ್ಟಿ ಇರುವವರ ಜೊತೆಯಲ್ಲೇ ನನ್ನ ಕೆಲಸ. ಮೇಲಿನವರು ಬಹುತೇಕ ಹೇಳಿಬಿಟ್ಟಿದ್ದಾರೆ. ಬಿಟ್ಟುಹೋದದ್ದನ್ನು ಸೇರಿಸುತ್ತೇನೆ.

ಹತ್ತಿರ ಹಿಡಿದರೆ ಕಣ್ಣಿಗೇನೂ ಕೆಡುಕಿಲ್ಲ. ಹತ್ತಿರ ತಂದಷ್ಟೂ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಅವರ ಕಣ್ಣಿಗೆ ಅದು ಬೇಕು. ಹಾಗೆ ಹಿಡಿದಾಗ ಅವರ ತಲೆಯೇ ಬೆಳಕಿಗೆ ಅಡ್ಡ ಬರುತ್ತದೆ ಅನ್ನುವುದೇ ಸಮಸ್ಯೆ. ಮೇಲಿನಿಂದ, ಹಿಂದಿನಿಂದ ಬರುವ ಬೆಳಕು ಎಷ್ಟು ಜೋರಿದ್ದರೂ ಅಷ್ಟೇ. ಮುಖಕ್ಕೂ ಪುಟಕ್ಕೂ ನಡುವೆ ಇರುವ ಆ ಒಂದು ಗೇಣಿನೊಳಗೆ ಪಕ್ಕದಿಂದ ಬೆಳಕು ನುಗ್ಗಬೇಕು. ಹಾಗಾಗಿ ದೀಪದ ತಲೆ ಚಿಕ್ಕದಿರಲಿ, ಕೆಳಗೆ ಇಳಿಯುವಂತಿರಲಿ. ಪೇಪರನ್ನು ಮೇಜಿನ ಮೇಲೆ ಮಲಗಿಸುವ ಬದಲು ಓರೆ ಹಲಗೆಯ ಮೇಲೆ ಇಟ್ಟರೆ ಕತ್ತು ನೋವೂ ಕಮ್ಮಿ, ತಲೆಯ ನೆರಳೂ ಕಮ್ಮಿ.

ಯಾಕೆ ಇಷ್ಟೊಂದು ಬೆಳಕು ಬೇಕು? ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಲೆನ್ಸ್ ಹಳದಿಗೆ ತಿರುಗುತ್ತದೆ. 20ರ ಕಣ್ಣಿನ ರೆಟಿನಾಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಅಷ್ಟೇ 60ರ ಕಣ್ಣಿಗೆ ತಲುಪುತ್ತದೆ. ಇದು ಆರೋಗ್ಯವಾಗಿರುವ ಕಣ್ಣಿನ ಮಾತು. ಅದರ ಮೇಲೆ ಮ್ಯಾಕ್ಯುಲಾ ತೊಂದರೆಯೂ ಇದ್ದರೆ ಪುಟದ ಮೇಲೆ 1000 ಲಕ್ಸ್ ದಾಟಿದ ಮೇಲೇ ಸರಾಗವಾಗಿ ಓದುವವರು ಬಹಳ ಜನ ಇದ್ದಾರೆ.

ಆದರೆ ಇದನ್ನು ಓದಿ ಎಲ್ಲ ಮಂದದೃಷ್ಟಿಯವರಿಗೂ ಜೋರು ದೀಪ ಕೊಡಿಸಬೇಡಿ. ಆಲ್ಬಿನಿಸಂ (ಹುಟ್ಟಿನಿಂದ ಮೈಗೂ ಕಣ್ಣಿಗೂ ಬಣ್ಣ ಕಮ್ಮಿ) ಇರುವವರು, ಕೋನ್ ಡಿಸ್ಟ್ರೊಫಿ (ರೆಟಿನಾದಲ್ಲಿ ಬಣ್ಣ ಗುರುತಿಸುವ ಕಣಗಳು ಹಾಳಾಗುವ ಕಾಯಿಲೆ) ಇರುವವರು ಬೆಳಕು ಕಮ್ಮಿ ಮಾಡಿದರೇ ಚೆನ್ನಾಗಿ ಓದುತ್ತಾರೆ. ಪೊರೆ ಇರುವವರಿಗೆ ಬೆಳಕು ಬೇಕು, ಅದೇ ಬೆಳಕು ಕಣ್ಣಿಗೆ ಹೊಡೆಯುತ್ತದೆ ಕೂಡ. ಗ್ಲಾಕೋಮಾದಲ್ಲಿ ಪಕ್ಕದ ನೋಟ ಹೋಗಿರುತ್ತದೆ, ದೀಪದ ಕೈ ಆ ಕಡೆ ಇಟ್ಟರೆ ಏಳುವಾಗ ತಲೆ ಹೊಡೆಸಿಕೊಳ್ಳುತ್ತಾರೆ. ಅದಕ್ಕೇ ಡಿಮ್ಮರ್ ಇರುವುದು ಒಳ್ಳೆಯದು ಅನ್ನುತ್ತೇನೆ. ಹೋಲ್ಡರ್ ಲ್ಯಾಂಪಿಗೆ ಡಿಮ್ಮರ್ ಇದ್ದರೆ ಡಿಮ್ಮರಿಗೆ ಹೊಂದುವ ಬಲ್ಬನ್ನೇ ತನ್ನಿ, ಇಲ್ಲದಿದ್ದರೆ ಪಟಪಟ ಮಿನುಗುತ್ತದೆ. ಮಿನುಗು ಬರಿಗಣ್ಣಿಗೆ ಎಷ್ಟೋ ಸಲ ತಿಳಿಯುವುದಿಲ್ಲ. ಮೊಬೈಲಿನ ಸ್ಲೋ ಮೋಶನ್ ವಿಡಿಯೋದಲ್ಲಿ ದೀಪ ಹಿಡಿದು ನೋಡಿ, ಜೋರು ಮಿನುಗು ಇದ್ದರೆ ಕಪ್ಪು ಪಟ್ಟೆಗಳು ಕಾಣುತ್ತವೆ.

ಬಣ್ಣದ ಪ್ರಶ್ನೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700 ಕೆಲ್ವಿನ್ ಅಂದರೆ ಹಳೇ ಬುರುಡೆ ಬಲ್ಬಿನ ಹಳದಿ, 4000 ಅಂದರೆ ತಿಳಿ ಬಿಳಿ, 6500 ಅಂದರೆ ನೀಲಿ ಬೆರೆತ ಬಿಳಿ. ಇಂಥ ಕಾಯಿಲೆಗೆ ಇಂಥ ಬಣ್ಣ ಅಂತ ಬರೆದುಕೊಡಲು ನನ್ನಿಂದ ಆಗುವುದಿಲ್ಲ. ಒಂದೇ ಕಾಯಿಲೆಯ ಇಬ್ಬರು ಅಕ್ಕಪಕ್ಕ ಕೂತು ಒಬ್ಬರು ಹಳದಿ ಬೇಕು, ಇನ್ನೊಬ್ಬರು ಬಿಳಿ ಬೇಕು ಅನ್ನುವುದನ್ನು ಎಷ್ಟೋ ಸಲ ನೋಡಿದ್ದೇನೆ. ಲೆನ್ಸ್ ಮಂಜಾಗಿದ್ದರೆ ನೀಲಿ ಜಾಸ್ತಿ ಇರುವ ಬೆಳಕು ಕಣ್ಣಿಗೆ ಚುಚ್ಚುತ್ತದೆ ಅನ್ನುವವರು ಹೆಚ್ಚು. ಮೂರು ಬಲ್ಬ್ ತಂದು ನೋಡಿ ಅಂತ ಟೆಸ್ಟರ್ ಅವರು ಹೇಳಿದ್ದು ಲಕ್ಷಕ್ಕೊಂದು ಮಾತು. ಒಂದೊಂದು ಬಲ್ಬಿಗೂ ಒಂದು ಪೂರ್ತಿ ಸಂಜೆ ಕೊಡಿ, ಹಾಕಿ ತೆಗೆದು ಹಾಕಿ ತೆಗೆದು ಮಾಡಿದರೆ ಏನೂ ತಿಳಿಯುವುದಿಲ್ಲ. ಬಣ್ಣದ ದಾರ ಗುರುತಿಸುವ ಕೆಲಸ ಇದ್ದರೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ) 90ಕ್ಕಿಂತ ಮೇಲೆ ಇರುವ ಬಲ್ಬ್ ತನ್ನಿ, ಕಡುನೀಲಿ ಯಾವುದು ಕಪ್ಪು ಯಾವುದು ಅಂತ ಗೊತ್ತಾಗುತ್ತದೆ. ಕಣ್ಣಿಗೆ ಹಿತ ಅನ್ನುವ ಬರಹಕ್ಕೆ ಬೆಲೆ ಕೊಡಬೇಡಿ.

ಚಿಕ್ಕಪ್ಪನವರಿಗೆ ಹೇಳಿ, ಓದುವ ದೀಪದ ಬೆಳಕಿನಿಂದ ಮ್ಯಾಕ್ಯುಲಾ ಹಾಳಾಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಬಿಸಿಲಲ್ಲಿ ಪೇಪರ್ ಓದುವಾಗ ಬೀಳುವ ಬೆಳಕು ಇದರ ಎಷ್ಟೋ ಪಟ್ಟು. ಅಮ್ಮ ಬಲ್ಬನ್ನೇ ದಿಟ್ಟಿಸಿ ಕೂರುವುದಿಲ್ಲ ಅಲ್ವಾ.

ದೀಪಕ್ಕೆ ಸಂಬಂಧ ಇಲ್ಲದ ಒಂದು ಮಾತು. ಒಣ ಬಗೆಯದ್ದು ಕೆಲವರಲ್ಲಿ ಒದ್ದೆ ಬಗೆಗೆ, ಅಂದರೆ ರೆಟಿನಾದ ಕೆಳಗೆ ರಕ್ತನಾಳ ಸೋರುವ ಬಗೆಗೆ ತಿರುಗುತ್ತದೆ. ಪದಬಂಧದ ಗೆರೆಗಳು ಇದ್ದಕ್ಕಿದ್ದಂತೆ ಸೊಟ್ಟ ಕಂಡರೆ, ಅಲೆಅಲೆಯಾಗಿ ಕಂಡರೆ, ಅಥವಾ ನೋಟ ದಿಢೀರ್ ಕಮ್ಮಿ ಆದರೆ ದೀಪ ಸರಿಸುತ್ತಾ ಕೂರಬೇಡಿ. ತಡ ಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಚೌಕಗಳನ್ನು ನೋಡುವ ಅಭ್ಯಾಸ ಮಾಡಿಸಿ, ಪದಬಂಧ ಹೇಗೂ ದಿನಾ ಎದುರಿಗೇ ಇರುತ್ತದೆ.


ಮೂರನೇ_ಮಹಡಿ

ಎರಡು ವಾರ ಆಯಿತು, ಏನೇನು ಆಯಿತು ಅಂತ ಹೇಳುತ್ತೇನೆ.

ಸ್ಪ್ರಿಂಗ್ ಕೈಯ ಲ್ಯಾಂಪ್ ತಂದೆ, ತಗಡಿನ ಆಳ ಶೇಡ್, ಮೇಜಿಗೆ ಕಚ್ಚಿಸುವ ಕ್ಲ್ಯಾಂಪ್, ಸಾಮಾನ್ಯ ಹೋಲ್ಡರ್. ಬಲಗಡೆ ಹಾಕಿದೆ. ಅಮ್ಮನ ಕುರ್ಚಿಯಲ್ಲಿ ಕೂತು, ಅವರಷ್ಟೇ ಬಗ್ಗಿ, ಕನ್ನಡಿ ಇಟ್ಟು ನೋಡಿದೆ. ಮೊದಲ ಸಲ ಬಲ್ಬ್ ಪೂರ್ತಿ ಚಂದ್ರನ ಹಾಗೆ ಕನ್ನಡಿಯೊಳಗೆ ಕೂತಿತ್ತು. ನಾಲ್ಕು ಬೆರಳು ಬಲಕ್ಕೆ, ಇನ್ನು ನಾಲ್ಕು ಬೆರಳು ಕೆಳಕ್ಕೆ, ಆಮೇಲೆ ಬರೀ ಶೇಡಿನ ಹಸಿರು ಅಂಚು ಕಂಡಿತು. ಕ್ಲ್ಯಾಂಪ್ ಇದ್ದ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿದ್ದೇನೆ, ಮೇಜು ಒರೆಸುವಾಗ ಯಾರಾದರೂ ಸರಿಸಿದರೆ ಅಂತ.

ಬಲ್ಬ್ ಮೂರು ತಂದೆ. ಬಿಳಿಯದೇ ಗೆಲ್ಲುತ್ತದೆ ಅಂತ ನನಗೆ ಖಾತ್ರಿ ಇತ್ತು. 6500 ಅಮ್ಮನಿಗೆ ಮೊದಲ ಹತ್ತು ನಿಮಿಷ ಬಹಳ ಇಷ್ಟ ಆಯಿತು, ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ ಅಂದರು, ಅರ್ಧ ಗಂಟೆಗೆ ಕಣ್ಣು ನೀರಾಡಿತು. 2700ರಲ್ಲಿ ಪೇಪರ್ ಹಳೇದಾದ ಹಾಗೆ ಕಾಣುತ್ತದಂತೆ, ನಿನ್ನೆಯದೋ ಇವತ್ತಿನದೋ ಅಂತ ಅನುಮಾನ ಬಂತಂತೆ. ಕೊನೆಗೆ 4000 ನಿಂತಿತು. ಮೊಬೈಲಲ್ಲಿ ಅಳೆದೆ, ಮುಂಚೆ ಆ ಜಾಗದಲ್ಲಿ 300ರ ಹತ್ತಿರ ತೋರಿಸುತ್ತಿತ್ತು, ಈಗ 1400 ಚಿಲ್ಲರೆ ತೋರಿಸುತ್ತದೆ. ಬಲ್ಬ್ ಬರೀ 8 ವಾಟ್! ರೂಮಿನ ದೀಪವೂ ಹಚ್ಚಿರುತ್ತದೆ.

ಒಂದು ಯಡವಟ್ಟು ಆಯಿತು, ಯಾರೂ ಎಚ್ಚರಿಸದಿದ್ದದ್ದು. ಸ್ವಿಚ್ ಇರುವುದು ಶೇಡಿನ ಮೇಲೆ, ಕಪ್ಪು ಶೇಡಿಗೆ ಕಪ್ಪು ಸ್ವಿಚ್ ಅಲ್ಲದಿದ್ದರೂ ಹಸಿರಿಗೆ ಹಸಿರು. ಅಮ್ಮ ತಡಕಾಡಿ ದೀಪವನ್ನೇ ಅಲ್ಲಾಡಿಸಿಬಿಡುತ್ತಿದ್ದರು, ಮತ್ತೆ ಕನ್ನಡಿ ಲೆಕ್ಕ ಶುರು. ಈಗ ಸ್ವಿಚ್ಚಿನ ಮೇಲೆ ಬಿಳಿ ರಬ್ಬರ್ ಬೊಟ್ಟು ಅಂಟಿಸಿದ್ದೇನೆ, ಬೆರಳಿಗೂ ಸಿಗುತ್ತದೆ ಕಣ್ಣಿಗೂ ಕಾಣುತ್ತದೆ. ಮೊದಲಿನ ಚಪ್ಪಟೆ ಲ್ಯಾಂಪಿಗೆ ಮುಟ್ಟಿದರೆ ಹತ್ತುವ ಸ್ವಿಚ್ ಇತ್ತು, ಎಲ್ಲಿ ಮುಟ್ಟಬೇಕು ಅಂತ ನನಗೇ ತಿಳಿಯುತ್ತಿರಲಿಲ್ಲ, ಆರಿಸಿ ಹಚ್ಚಿದರೆ ಹಿಂದಿನ ಬೆಳಕಿನ ಮಟ್ಟವೂ ನೆನಪಿರುತ್ತಿರಲಿಲ್ಲ. ಈಗ ಅದನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ಗೋಡೆಗೆ ಬಡಿದು ಬರುವ ಬೆಳಕು ರೂಮಿಗೆ ಸಾಕಾಗುತ್ತದೆ, ಅದೂ ವ್ಯರ್ಥ ಆಗಲಿಲ್ಲ.

ಪದಬಂಧ ದಿನಾ ಮುಗಿಯುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ನಂಬರ್ ತಪ್ಪಿ ನಿಲ್ಲಿಸುವುದು ಕಮ್ಮಿಯಾಗಿದೆ. ಈಗ ಉತ್ತರ ಹೊಳೆಯದೆ ನಿಲ್ಲಿಸುತ್ತಾರೆ, ಆಮೇಲೆ ನನಗೆ ಫೋನ್ ಮಾಡಿ ಮೂರಕ್ಷರದ ಪದ ಕೇಳುತ್ತಾರೆ, ನಾನು ಆಫೀಸಿನಲ್ಲಿ ಮೀಟಿಂಗಿನಲ್ಲಿ ಇದ್ದರೂ ಸರಿಯೇ. ಓದುವುದು ಸಂಜೆ ಏಳೂವರೆಯವರೆಗೂ ನಡೆಯುತ್ತದೆ.

ಭೂತಗನ್ನಡಿ ಲ್ಯಾಂಪ್ ಮಾತ್ರ ಹಾಗೇ ಇದೆ. ಯಾರಿಗಾದರೂ ಕೊಟ್ಟುಬಿಡಲಾ?


ಸೂಜಿ_ದಾರ

ಕೊಡಬೇಡಿ. ಉಗುರು ಕತ್ತರಿಸಲು, ಮಾತ್ರೆಯ ಪಟ್ಟಿಯ ಮೇಲಿನ ತಾರೀಕು ನೋಡಲು, ಕಾಲಿಗೆ ಮುಳ್ಳು ಚುಚ್ಚಿದಾಗ, ಇಂಥದ್ದಕ್ಕೆಲ್ಲ ಬೇಕಾಗುತ್ತದೆ. ಅದನ್ನೂ ಅಮ್ಮನ ಬಲಗಡೆಯೇ ಇಡಿ, ಮತ್ತೆ ಎಡಗಡೆ ಇಟ್ಟೀರಿ. ಬಟ್ಟೆ ಹೊದಿಸಿದ್ದೀರಾ ಇಲ್ಲವಾ?


ಮೂರನೇ_ಮಹಡಿ

ಹೊದಿಸಿರಲಿಲ್ಲ. ಕಿಟಕಿ ಪಕ್ಕದ ಮೂಲೆಯಲ್ಲೇ ಇತ್ತು. ಈಗ ಎದ್ದು ಹೋಗಿ ಟವೆಲ್ ಹಾಕಿ ಬಂದೆ.